ಮುಂಗೈ ಕುಣಿಕೆ

ಮುರಿದ ಗಾಳದ ಕೋಲನ್ನು ಮನೆಗೆ ಒಯ್ದು, ಕಟ್ಟೆಯ ಮೇಲೆ ಕೂತು, ಚಹಾ ಕುಡಿಯುತ್ತ ಕಟ್ಟುವವರು ಯಾವ ಊರಲ್ಲೂ ಸಿಗುತ್ತಾರೆ. ಅದೇನು ದೊಡ್ಡ ವಿದ್ಯೆಯಲ್ಲ. ನದಿಯ ದಂಡೆಯ ಮೇಲೆಯೇ, ಮೀನು ಇನ್ನೂ ಮಡುವಿನಲ್ಲಿ ಸುತ್ತು ಹಾಕುತ್ತಿರುವಾಗಲೇ, ಅರ್ಧ ತಾಸಿನೊಳಗೆ ಕಟ್ಟಿ ಕೈಗೆ ಕೊಡುವವನು ಮಾತ್ರ ಉಗಾರ ಬುದ್ರುಕದ ಸುತ್ತ ಹತ್ತೂರಲ್ಲಿ ಒಬ್ಬನೇ ಇದ್ದ. ಅವನೇ ದಾವಲಸಾಬ. ವಾರದ ಆರು ದಿನ ಬಸ್ ಸ್ಟ್ಯಾಂಡಿನ ಹಿಂದೆ ಸೈಕಲ್ ರಿಪೇರಿ ಮಾಡುತ್ತಿದ್ದ. ಏಳನೆಯ ದಿನ, ರವಿವಾರ, ತಗಡಿನ ಡಬ್ಬಿಯೊಂದನ್ನು ಬಗಲಲ್ಲಿ ಹಿಡಿದು ಕೃಷ್ಣೆಯ ದಂಡೆಗೆ ಬಂದು ಜಾಲಿ ಮರದ ನೆರಳಲ್ಲಿ ಕೂಡುತ್ತಿದ್ದ.

ಡಬ್ಬಿಯಲ್ಲಿ ಏನಿರುತ್ತಿತ್ತು ಅಂತೀರಿ? ಒಂದು ಚಾಕು, ಮೇಣ ತಿಕ್ಕಿದ ದಾರದ ಉಂಡೆ, ಹಳೆಯ ಛತ್ರಿಯ ಕಡ್ಡಿಗಳು, ಸೈಕಲ್ ಟ್ಯೂಬು ಕತ್ತರಿಸಿದ ಪಟ್ಟಿಗಳು, ಒಂದಿಷ್ಟು ನೈಲಾನ್ ಹಗ್ಗ. ಇಷ್ಟೇ. ಬಿದಿರು ಮುರಿದ ಕಡೆ ಎರಡೂ ತುದಿಗಳನ್ನು ಓರೆಯಾಗಿ ಕೆತ್ತಿ, ಒಂದರ ಮೇಲೊಂದು ಕೂರಿಸಿ, ಸುತ್ತ ಮೂರು ಛತ್ರಿ ಕಡ್ಡಿ ಇಟ್ಟು, ಮುರಿದ ಕಾಲಿಗೆ ಊರ ವೈದ್ಯ ಕಟ್ಟು ಹಾಕಿದ ಹಾಗೆ ದಾರ ಸುತ್ತುತ್ತಿದ್ದ. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುವಾಗ ಕತ್ತಿನ ನರಗಳು ಉಬ್ಬುತ್ತಿದ್ದವು. ಅದರ ಮೇಲೆ ರಬ್ಬರ್ ಪಟ್ಟಿ. ಕಡೆಗೆ ಕೋಲಿನ ಬುಡಕ್ಕೆ ನೈಲಾನ್ ಹಗ್ಗದ ಒಂದು ಕುಣಿಕೆ. ಅದನ್ನು ಮುಂಗೈಗೆ ಹಾಕಿಕೊಂಡು ಕೂತರೆ ಕೋಲು ಕೈ ಜಾರಿದರೂ ಹೊಳೆಯ ಪಾಲಾಗುವುದಿಲ್ಲ. ಎಳೆದಷ್ಟೂ ಬಿಗಿಯುವ ಕುಣಿಕೆ. ಇದು ದಾವಲಸಾಬನ ಕೈಯಿಂದ ಬಂದ ಕೋಲು ಎಂದು ಜನ ಆ ಕುಣಿಕೆ ನೋಡಿಯೇ ಗುರುತು ಹಿಡಿಯುತ್ತಿದ್ದರು.

ಹೀಗೆ ಅವನು ಕಟ್ಟಲು ಕೂತಾಗಲೆಲ್ಲ ಎಡಗಡೆಯ ಕಲ್ಲಿನ ಮೇಲೆ ತುಕಾರಾಮ ಬಂದು ಕೂಡುತ್ತಿದ್ದ. ತುಕಾರಾಮ ಸತ್ತು ಐದು ವರ್ಷವಾಗಿತ್ತು.

ಹಗಲಲ್ಲೇ ಬರುತ್ತಿದ್ದ. ದೆವ್ವ ಭೂತಗಳಿಗೆ ಅಮಾವಾಸ್ಯೆ, ಸರಿರಾತ್ರಿ ಎಂದೆಲ್ಲ ಹೊತ್ತುಗೊತ್ತು ಇರುತ್ತದಂತೆ. ಈ ಮನುಷ್ಯ ಬದುಕಿದ್ದಾಗಲೇ ಹೊತ್ತುಗೊತ್ತು ನೋಡಿದವನಲ್ಲ, ಸತ್ತ ಮೇಲೆ ನೋಡುತ್ತಾನೆಯೇ? ಮಧ್ಯಾಹ್ನದ ರಣರಣ ಬಿಸಿಲಲ್ಲಿ, ಒದ್ದೆ ಧೋತರ ತೊಡೆಗೆ ಅಂಟಿಸಿಕೊಂಡು, ಮೈಯಿಂದ ನೀರು ಸೋರುತ್ತ ಕೂಡುತ್ತಿದ್ದ. ಒಂದು ಮಾತಿಲ್ಲ. ಬಲಗೈಯನ್ನು ಮುಂದೆ ಚಾಚಿ, ಮುಂಗೈಯನ್ನು ದಾವಲಸಾಬನ ಎದುರಿಗೆ ಹಿಡಿದು ಸುಮ್ಮನೆ ಕಾಯುತ್ತಿದ್ದ. ಕೋಲು ಕಟ್ಟಿ ಮುಗಿದ ಮೇಲೆ ನೋಡಿದರೆ ಕಲ್ಲು ಖಾಲಿ.

ದಾವಲಸಾಬನಿಗೆ ಆ ಕೈಯ ಅರ್ಥ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವನು ತಿಳಿದಿದ್ದ. 'ನನ್ನ ಕೋಲು ಕೊಡು. ಈ ಸಲವಾದರೂ ಗಟ್ಟಿಯಾಗಿ ಕಟ್ಟಿ ಕೊಡು.' ಇನ್ನೇನು ಕೇಳುತ್ತಾನೆ ಅವನು? ದಾವಲಸಾಬನ ಹೆಂಡತಿ ತಾಜಬಿ ದರ್ಗಾದಿಂದ ತಾಯಿತ ತಂದು ಕೊರಳಿಗೆ ಕಟ್ಟಿದಳು. ತಾಯಿತ ಕೊರಳಲ್ಲಿ ಇತ್ತು, ತುಕಾರಾಮ ಕಲ್ಲಿನ ಮೇಲೆ ಇದ್ದ. ಹಾಗಾದರೆ ದಂಡೆಗೆ ಹೋಗುವುದನ್ನೇ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎರಡು ರವಿವಾರ ಬಿಟ್ಟು ನೋಡಿದ. ಆ ಎರಡೂ ರವಿವಾರ ತುಕಾರಾಮ ಸೈಕಲ್ ಅಂಗಡಿಯ ಬಾಗಿಲಲ್ಲಿ ಬಂದು ನಿಂತ. ಮೂರನೆಯ ರವಿವಾರ ದಾವಲಸಾಬ ಬಾಯಿ ಮುಚ್ಚಿಕೊಂಡು ಹೊಳೆಗೆ ಹೋದ.

ಅವರಿಬ್ಬರೂ ಅಂಥಿಂಥ ಗೆಳೆಯರಲ್ಲ. ತುಕಾರಾಮ ಅಂಬಿಗರವನು, ನಾವೆ ನಡೆಸುತ್ತಿದ್ದ. ತುಂಬಿದ ಹೊಳೆಯನ್ನು ಒಂದು ಕೈಯಲ್ಲಿ ಬುತ್ತಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಈಜಿ ದಾಟಿದವನು. ಬಲೆಯ ಮೀನು ಹೊಟ್ಟೆಗೆ, ಗಾಳದ ಮೀನು ಜಿದ್ದಿಗೆ ಎನ್ನುತ್ತಿದ್ದ.

ಎಂಬತ್ತಾರನೇ ಇಸವಿಯ ಭಾದ್ರಪದ ಅದು. ನೆರೆ ಇಳಿದು ಹೊಳೆ ಇನ್ನೂ ಕೆಂಪಗಿತ್ತು. ಶನಿವಾರ ಸಂಜೆ ದಾವಲಸಾಬ ಡಬ್ಬಿ ತೆರೆದು ನೋಡಿದರೆ ಮೇಣದ ದಾರ ಮುಗಿದಿತ್ತು. ಪೇಟೆಯಲ್ಲಿ ಅಂಥ ದಾರ ಇಡುತ್ತಿದ್ದದ್ದು ಪಾರಿಸ ಒಬ್ಬನೇ. ಪಾರಿಸ ಜೈನರವನು. ಸೂರ್ಯ ಮುಳುಗಿದ ಮೇಲೆ ಉಣ್ಣದವನು. ಮೀನು ಹಿಡಿಯುವವನಿಗೆ ದಾರ ಮಾರಿದರೆ ಪಾಪ ತನಗೆ ತಟ್ಟುತ್ತದೆ ಎಂದು ಅವನಿಗೆ ಭಯ, ಮಾರದಿದ್ದರೆ ಗಿರಾಕಿ ಹೋಗುತ್ತಾನೆ ಎಂದೂ ಭಯ. ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದ. 'ಛತ್ರಿ ರಿಪೇರಿಗೆ' ಎಂದು ಬಾಯಿಬಿಟ್ಟು ಹೇಳಿದರೆ ಕೊಡುತ್ತಿದ್ದ. ವರ್ಷವಿಡೀ ದಾವಲಸಾಬ ಛತ್ರಿ ರಿಪೇರಿಗೆ ಎಂದೇ ದಾರ ತಂದಿದ್ದ.

"ಪಾರಿಸಣ್ಣಾ, ಛತ್ರಿ ರಿಪೇರಿಗೆ ಒಂದ ಉಂಡಿ ದಾರ ಕೊಡ್ರಿ," ಎಂದ ಆ ದಿನವೂ.

ಪಾರಿಸ ಕೈ ಮುಗಿದ. "ದಾವಲಸಾಬ, ದಶಲಕ್ಷಣ ಪರ್ವ ನಡದೈತಿ. ನಾ ಉಪಾಸ ಇದ್ದೀನಿ. ಈ ಹತ್ತ ದಿವ್ಸ ನನ್ನ ಕಿವಿಗೆ ಸುಳ್ಳ ಹಾಕಬ್ಯಾಡಪ್ಪಾ. ಅನಂತ ಚತುರ್ದಶಿ ಮುಗದ ಮ್ಯಾಲ ನಿನ್ನ ಛತ್ರಿ ಎಷ್ಟ ಮುರೀತಾವಂತ ನನಗ ಗೊತ್ತೈತಿ."

"ನಾಳೆ ರವಿವಾರ ಐತ್ರಿ."

"ನಾಳೆ ನಿನ್ನ ಮೀನಿಗೂ ಪರ್ವ ಐತಿ ಅಂತ ತಿಳಕೋ," ಎಂದು ಪಾರಿಸ ಒಳಗೆ ಹೋದ.

ದಾವಲಸಾಬನಿಗೆ ಸಿಟ್ಟು ಬಂತು. ಬರಿಗೈಯಲ್ಲಿ ದಂಡೆಗೆ ಹೋಗುವುದೆಂದರೆ ಅವನಿಗೆ ಮರ್ಯಾದೆಯ ಪ್ರಶ್ನೆ. ಮನೆಯಲ್ಲಿ ತಾಜಬಿ ನಿಪ್ಪಾಣಿಯ ಬೀಡಿ ಗುತ್ತಿಗೆದಾರನಿಗಾಗಿ ಬೀಡಿ ಕಟ್ಟುತ್ತಿದ್ದಳು. ಅವಳ ಮೊರದಲ್ಲಿ ಗುಲಾಬಿ ಬಣ್ಣದ ಬೀಡಿ ದಾರದ ರೀಲು ಇತ್ತು. ಕೂದಲಿನಷ್ಟು ಸಣ್ಣ ದಾರ, ಎರಡು ಬೆರಳಲ್ಲಿ ಜಗ್ಗಿದರೆ ತುಂಡಾಗುವಂಥದ್ದು. ಅದನ್ನೇ ಎತ್ತಿ ಡಬ್ಬಿಗೆ ಹಾಕಿಕೊಂಡ. ನಾಲ್ಕು ಪಟ್ಟು ಸುತ್ತಿದರಾಯಿತು, ಮೇಲೆ ರಬ್ಬರ್ ಪಟ್ಟಿ ಬಂದರೆ ಒಳಗೆ ಏನಿದೆಯೆಂದು ಯಾರು ನೋಡುತ್ತಾರೆ? ಕೆಲಸಗಾರನ ತಲೆಯಲ್ಲಿ ಈ ಮಾತು ಒಂದು ಸಲ ಹೊಕ್ಕರೆ ಮುಗಿಯಿತು.

ಮರುದಿನ ಮೂರು ಗಂಟೆಯ ಹೊತ್ತಿಗೆ ತುಕಾರಾಮನ ಕೋಲು ನಡುವೆ ಸೀಳಿತು. ಮಡುವಿನಲ್ಲಿ ಒಂದು ಬಾಳಿ ಮೀನು ಇತ್ತು, ಆಳಿನ ತೊಡೆಯಷ್ಟು ದಪ್ಪ ಎಂದು ತುಕಾರಾಮ ಹೇಳಿದ. ಮೀನು ಹಿಡಿಯುವವರ ಮಾತು, ಅರ್ಧ ಕಡಿಮೆ ಮಾಡಿ ನಂಬಬೇಕು. ಆದರೆ ಅವನ ಕಣ್ಣು ಕೆಂಪಗಾಗಿದ್ದವು.

"ಲಗೂನ ಕಟ್ಟೋ ದಾವಲಾ. ಇವತ್ತ ಅದನ್ನ ತಗದ ಹೊರತು ನಾ ಮನಿಗೆ ಹೋಗಾಂವಲ್ಲ."

ದಾವಲಸಾಬ ಕಟ್ಟಿದ. ಗುಲಾಬಿ ದಾರ ಕಾಣದಂತೆ ಬೆನ್ನು ತಿರುಗಿಸಿ ಕೂತು ಕಟ್ಟಿದ. ಮೇಲೆ ರಬ್ಬರ್ ಸುತ್ತಿ, ಬುಡಕ್ಕೆ ಕುಣಿಕೆ ಹಾಕಿ, ತಾನೇ ಅದನ್ನು ತುಕಾರಾಮನ ಬಲಗೈಗೆ ತೊಡಿಸಿದ.

"ಹೋರಿಗೆ ಹಗ್ಗ ಹಾಕಿದಂಗ ಹಾಕ್ತೀಯಲ್ಲೋ," ಎಂದು ತುಕಾರಾಮ ನಕ್ಕ. "ಹಿಡೀತೈತೇನು ಕಟ್ಟು?"

"ನೀ ಸುಮ್ನ ಜಗ್ಗು," ಎಂದ ದಾವಲಸಾಬ. ಹೌದು ಎನ್ನಲಿಲ್ಲ.

ನಾಲ್ಕು ಗಂಟೆಗೆ ಅವನು ನಮಾಜಿಗೆಂದು ಊರಿಗೆ ಹೋದ. ಕತ್ತಲಾದರೂ ತುಕಾರಾಮ ಮನೆಗೆ ಬರಲಿಲ್ಲ. ಮರುದಿನ ನಸುಕಿನಲ್ಲಿ ಇನ್ನೊಬ್ಬ ಅಂಬಿಗ ಭೀಮಸಿಗೆ ಎರಡು ಮೈಲಿ ಕೆಳಗೆ, ಮುಳ್ಳುಕಂಟಿಯಲ್ಲಿ ಹೆಣ ಸಿಕ್ಕಿತು. ಕೋಲು ಸಿಗಲಿಲ್ಲ. ಪಂಚನಾಮೆಯ ಹೊತ್ತಿಗೆ ದಾವಲಸಾಬ ಹೋದಾಗ ಭೀಮಸಿ ಅಡ್ಡ ಬಂದು ಅವನ ಹೆಗಲು ಹಿಡಿದ. "ಹತ್ತರ ಹೋಗಬ್ಯಾಡ. ನೀ ನೋಡಬ್ಯಾಡ," ಎಂದ. ದಾವಲಸಾಬನಿಗೂ ನೋಡುವ ಧೈರ್ಯವಿರಲಿಲ್ಲ.

ಅಂಬಿಗ ನೀರಲ್ಲಿ ಮುಳುಗಿ ಸತ್ತ ಎಂದರೆ ಯಾರು ನಂಬುತ್ತಾರೆ? ಊರು ತನ್ನದೇ ಒಂದು ಕತೆ ಕಟ್ಟಿತು. ಕಟ್ಟು ಬಿಚ್ಚಿ ಕೋಲಿನ ಮೇಲಿನ ತುಂಡು ಮೀನಿನ ಜೊತೆ ಹೋಗಿದೆ, ಹಟಮಾರಿ ತುಕಾರಾಮ ಕುಣಿಕೆ ಕಳಚಿ ಅದರ ಹಿಂದೆ ಹಾರಿದ್ದಾನೆ, ಸುಳಿ ಎಳೆದುಕೊಂಡಿದೆ. "ದಾವಲನ ಕಟ್ಟು ಬಿಚ್ಚಿತು," ಎಂದು ಚಹಾದ ಅಂಗಡಿಯಲ್ಲಿ ಆಡಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ ದಾವಲಸಾಬ ತನ್ನ ಡಬ್ಬಿ ಮುಟ್ಟಿ ನೋಡಿಕೊಂಡ. ಬೀಡಿ ದಾರದ ವಿಷಯ ಯಾರಿಗೂ ಹೇಳಲಿಲ್ಲ, ತಾಜಬಿಗೂ. ಅವನಿಗೆ ಒಂದೇ ಒಂದು ಗೊತ್ತಾಗಬೇಕಿತ್ತು. ಕಟ್ಟು ಬಿಚ್ಚಿತೋ ಇಲ್ಲವೋ? ಬಿಚ್ಚಿದ್ದರೆ ಗೆಳೆಯನನ್ನು ಕೊಂದವನು ತಾನು. ಐದು ವರ್ಷ ಈ ಒಂದು ಪ್ರಶ್ನೆ ಅವನ ಅನ್ನ, ನಿದ್ದೆ ಎರಡನ್ನೂ ತಿಂದಿತು.

ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಬೇಕಲ್ಲ. ಅಂದಿನಿಂದ ಅವನು ಕುಣಿಕೆಗೆ ಇಮ್ಮಡಿ ದಪ್ಪದ ಹಗ್ಗ ಹಾಕತೊಡಗಿದ. ಅಷ್ಟೇ ಅಲ್ಲ, ಆ ಹಗ್ಗವನ್ನು ಕಟ್ಟಿನ ಮೇಲಿನ ತುಂಡಿಗೂ ಬಿಗಿದ. ಕಟ್ಟು ಬಿಚ್ಚಿದರೂ ಮೇಲಿನ ತುಂಡು ಕೈಯಲ್ಲೇ ಇರುತ್ತದೆ, ಇನ್ನು ಯಾವ ತಾಯಿಯ ಮಗನೂ ಕೋಲಿನ ಹಿಂದೆ ಹಾರಬೇಕಾಗಿಲ್ಲ. ಯಾರಾದರೂ ಬೇಡ ಎಂದರೆ ಬೈಯುತ್ತಿದ್ದ. "ಹಾಕ್ಕೊಳ್ಳಂಗಿದ್ರ ತಗೋ, ಇಲ್ಲಂದ್ರ ಮುರಕೊಂಡ ಕುಂದ್ರು," ಎನ್ನುತ್ತಿದ್ದ. ಕಾಗವಾಡದವರು, ಅಥಣಿಯವರು, ರಾಯಬಾಗದವರು ಹೀಗೆ ಐದು ವರ್ಷದಲ್ಲಿ ನಲವತ್ತು ಕೋಲಿಗಾದರೂ ಕುಣಿಕೆ ಬಿತ್ತು. ಆದರೂ ಕಲ್ಲಿನ ಮೇಲಿನ ಕೈ ಹಿಂದೆ ಸರಿಯಲಿಲ್ಲ. ಕುಣಿಕೆ ಗಟ್ಟಿಯಾದಷ್ಟೂ ಆ ಕೈ ಹತ್ತಿರ ಬರುತ್ತಿತ್ತು.

ತುಕಾರಾಮನ ಹೆಂಡತಿ ತುಳಸವ್ವನ ಕಣ್ಣಿಗೆ ಬೀಳದಂತೆ ಅವನು ತಿರುಗುತ್ತಿದ್ದ. ಊರಿಗೆ ಬಂದಾಕಿ ನೀರಿಗೆ ಬರದೇ ಇರ್ತಾಳೇನು? ಒಂದೇ ಊರಲ್ಲಿ ಇದ್ದು ಎಷ್ಟು ದಿನ ತಪ್ಪಿಸಿಕೊಳ್ಳುವುದು? ಅವಳು ಅಂಗಡಿಯ ಮುಂದೆ ಹಾದರೆ ಸೈಕಲ್ಲಿನ ಅಡಿಗೆ ತಲೆ ಹಾಕುತ್ತಿದ್ದ. ಅವಳೋ, ಚಹಾದ ಅಂಗಡಿಯವರ ಜೊತೆ ಜಗಳವಾಡಿದ್ದಳು. "ದಾವಲಣ್ಣನ ಹೆಸರ ತಗದ್ರ ನಾಲಗಿ ಕಿತ್ತ ಕೈಯಾಗ ಕೊಡ್ತೀನಿ," ಎಂದಿದ್ದಳು. ಆ ಮಾತು ಕೇಳಿದ ದಿನ ದಾವಲಸಾಬ ಹೊತ್ತಿಗೆ ಮುಂಚೆಯೇ ಅಂಗಡಿ ಮುಚ್ಚಿದ.

ತೊಂಬತ್ತೊಂದರ ಕಾರ್ತಿಕದ ಒಂದು ರವಿವಾರ. ಬೆಳಿಗ್ಗೆಯೇ ತುಳಸವ್ವನ ಅಳಿಯ ಉತ್ತಮ ದಂಡೆಗೆ ಬಂದಿದ್ದ. ಬೇಡಕಿಹಾಳದವನು, ಹೋದ ವರ್ಷವಷ್ಟೇ ಮದುವೆಯಾಗಿತ್ತು, ಹೆಂಡತಿಯನ್ನು ಬಾಣಂತನಕ್ಕೆ ಬಿಟ್ಟು ಎರಡು ದಿನ ಉಳಿದಿದ್ದ. ಅವನ ಕೋಲು ಬಸ್ಸಿನ ಟಪ್ಪಿನ ಮೇಲೆ ಮುರಿದಿತ್ತು. ದಾವಲಸಾಬ ಅದನ್ನು ಕಟ್ಟಿ, ದಪ್ಪ ಹಗ್ಗದ ಕುಣಿಕೆ ಹಾಕಿ, ಇದು ತುಕಾರಾಮನ ಮನೆಯ ಹುಡುಗಿಯ ಗಂಡ ಎಂದು ಇನ್ನೊಂದು ಸುತ್ತು ಹೆಚ್ಚಿಗೆ ಬಿಗಿದು ಕೊಟ್ಟಿದ್ದ. ಉತ್ತಮ ಮಡುವಿನ ಅಂಚಿಗೆ ಹೋಗಿ ಕೂತಿದ್ದ. ಅವನಾಚೆ ಮುರಗೆಪ್ಪ ಇದ್ದ. ಇವನು ಸಕ್ಕರೆ ಕಾರಖಾನೆಯಲ್ಲಿ ಕಬ್ಬಿನ ಗಾಡಿ ತೂಗುವವನು, ಮನೆಯಲ್ಲಿ ಮೀನಿನ ಹೆಸರೆತ್ತುವ ಹಾಗಿಲ್ಲ. ಹಿಡಿದ ಮೀನನ್ನೆಲ್ಲ ದಾರಿಯಲ್ಲಿ ಸಿಕ್ಕವರಿಗೆ ಹಂಚಿ, ಕೈಗೆ ಹುಣಸೆಹಣ್ಣು ತಿಕ್ಕಿಕೊಂಡು ಮನೆಗೆ ಹೋಗುವ ಪುಣ್ಯಾತ್ಮ. ಅವನಾಚೆ ಇನ್ನಿಬ್ಬರು. ಎಲ್ಲರ ಬಲಗೈಯಲ್ಲೂ ದಾವಲಸಾಬನ ಕುಣಿಕೆ.

ಮಧ್ಯಾಹ್ನ ಮೂರಕ್ಕೆ ದಾವಲಸಾಬ ಇನ್ನೊಂದು ಕೋಲು ಕೆತ್ತುತ್ತ ಕೂತಿದ್ದ. ಎಡಗಡೆ ತುಕಾರಾಮ ಬಂದು ಕೂತಾಗಿತ್ತು. ಆ ದಿನ ಮುಂಗೈ ಎಷ್ಟು ಹತ್ತಿರವಿತ್ತೆಂದರೆ ಚಾಕು ತಾಗೀತೆಂದು ದಾವಲಸಾಬ ಮೊಳಕೈ ಒಳಗೆಳೆದುಕೊಂಡ. ಅಷ್ಟರಲ್ಲಿ ಏರಿಯ ಮೇಲಿಂದ ದನಿ ಕೇಳಿತು.

"ದಾವಲಣ್ಣಾ!"

ತುಳಸವ್ವ ಇಳಿದು ಬರುತ್ತಿದ್ದಳು. ಕೈಯಲ್ಲಿ ಗೋಣಿತಟ್ಟು ಸುತ್ತಿದ ಉದ್ದದ ಏನೋ ಇತ್ತು. ಓಡಿಹೋಗಲು ಹೊಳೆಯೊಂದೇ ದಾರಿ. ದಾವಲಸಾಬ ಕೂತಲ್ಲೇ ಕೂತ.

"ಐದ ವರ್ಷ ಆತು, ನನ್ನ ಕಂಡ್ರ ಸೈಕಲ್ಲಿನ ಬುಡಕ ಹೋಗ್ತಿ. ಇವತ್ತ ಎಲ್ಲಿ ಹೋಗ್ತಿ ನೋಡೂಣು," ಎಂದು ಅವಳು ಎದುರಿಗೆ ಕೂತು ಗೋಣಿತಟ್ಟು ಬಿಚ್ಚಿದಳು. "ತಗೋ. ನೋಡು."

ಗಾಳದ ಕೋಲು. ಮೇಲಿನ ತುದಿ ಗೇಣುದ್ದ ಮುರಿದು ಜೋತುಬಿದ್ದಿತ್ತು. ನಡುವೆ ರಬ್ಬರ್ ಪಟ್ಟಿ, ಮಣ್ಣು ಹಿಡಿದು ಒಣಗಿತ್ತು. ದಾವಲಸಾಬ ಅದನ್ನು ಎತ್ತಿಕೊಂಡ. ತನ್ನ ಕೈಕೆಲಸ ತನಗೆ ಗೊತ್ತಾಗದೆ ಇರುತ್ತದೆಯೇ?

"ಎಲ್ಲಿತ್ತು ಇದು?"

"ಭೀಮಸಿ ತೀರಿ ಹೋಗಿ ಮೂರ ತಿಂಗಳಾತಲ್ಲ. ಅವನ ಹೆಂಡ್ತಿ ಅಟ್ಟ ಹಸನ ಮಾಡಾಕತ್ತಿದ್ಲು, ಬಣವಿಗೆ ಹಾಕೂ ಗಳದ ನಡುವ ಸಿಕ್ಕಿತಂತ. 'ಯಕ್ಕಾ, ಇದು ನಿಮ್ಮ ಮನೀದು' ಅಂತ ತಂದ ಕೊಟ್ಲು. ಇಳಸೂ ಮುಂದ ತುದಿ ಮುರದಾಳ. ಭೀಮಸಿಗೆ ಹೊಳ್ಯಾಗ ತೇಲಿಕೋತ ಬಂದದ್ದು ಸಿಕ್ಕಿರಬೇಕು. ಯಾಕ ಮುಚ್ಚಿಟ್ನೋ ಅವಂಗ ಗೊತ್ತು." ಅವಳು ಕಟ್ಟಿನ ಮೇಲೆ ಬೆರಳಿಟ್ಟಳು. "ಅದೆಲ್ಲ ಹೋಗ್ಲಿ. ಇಲ್ಲಿ ನೋಡು ಅಣ್ಣಾ. ನಿನ್ನ ಕಟ್ಟು ಬಿಚ್ಚಿಲ್ಲ. ಊರ ಮಂದಿ ಬಾಯಾಗ ಮಣ್ಣ ಬೀಳ್ಲಿ. ಇದನ್ನ ತೋರಸಾಕ ಬಂದೀನಿ ನಾ. ಇನ್ನರ ತಲಿ ಎತ್ತಿ ತಿರಗು."

ದಾವಲಸಾಬ ಚಾಕುವಿನಿಂದ ರಬ್ಬರ್ ಸೀಳಿದ. ಒಳಗೆ ಗುಲಾಬಿ ದಾರ. ಬಣ್ಣ ಹೋಗಿತ್ತು, ನೀರು ಕುಡಿದು ಉಬ್ಬಿ ಒಂದರೊಳಗೊಂದು ಕಚ್ಚಿಕೊಂಡು ಬಿದಿರಿಗೇ ಬೆಸೆದುಹೋಗಿತ್ತು. ಒಂದು ಸುತ್ತೂ ಸರಿದಿರಲಿಲ್ಲ. ಎರಡೂ ಕೈಯಿಂದ ಬಗ್ಗಿಸಿ ನೋಡಿದ. ಮಿಸುಕಲಿಲ್ಲ. ಯಾ ಅಲ್ಲಾ! ಅವನಿಗೆ ಅಳು ಬಂತು, ನಾಚಿಕೆ ಬಿಟ್ಟು ಅತ್ತ. ಐದು ವರ್ಷದ ಭಾರ ಇಳಿದ ಹಾಗಾಯಿತು. ಬೀಡಿ ದಾರದ ಕತೆಯನ್ನು ಆಗಲೇ ತುಳಸವ್ವನಿಗೆ ಹೇಳಿಬಿಟ್ಟ, ಪಾರಿಸನ ಪರ್ವ, ತಾಜಬಿಯ ಮೊರ, ಬೆನ್ನು ತಿರುಗಿಸಿ ಕೂತದ್ದು ಎಲ್ಲ. ಅವಳು ಕೇಳಿ ನಿಟ್ಟುಸಿರು ಬಿಟ್ಟಳು. "ಇಷ್ಟಕ್ಕ ಐದ ವರ್ಷ ಸತ್ತೀಯೇನೋ ಹುಚ್ಚಾ. ಹಿಡದೈತಲ್ಲ," ಎಂದಳು.

ಹಿಡಿದಿತ್ತು, ನಿಜ. ದಾವಲಸಾಬ ಕಣ್ಣೊರೆಸಿಕೊಂಡು ಕೋಲನ್ನು ತಿರುಗಿಸಿ ಬುಡ ನೋಡಿದ. ರಿಪೇರಿಯವನ ಚಾಳಿ, ಕೈಗೆ ಬಂದದ್ದನ್ನು ಎರಡೂ ತುದಿ ನೋಡದೆ ಬಿಡುವುದಿಲ್ಲ. ಬುಡದಲ್ಲಿ ಅವನ ಗಂಟು ಹಾಗೆಯೇ ಇತ್ತು. ಗಂಟಿನಿಂದ ಎರಡು ಹಗ್ಗದ ತುಣುಕು ಜೋತುಬಿದ್ದಿದ್ದವು. ಕುಣಿಕೆಯನ್ನು ಯಾರೋ ಕೊಯ್ದಿದ್ದರು. ಹರಿದದ್ದಲ್ಲ, ಸವೆದದ್ದಲ್ಲ. ಹ‌ರಿತವಾದ ಚಾಕುವಿನಿಂದ ಒಂದೇ ಏಟಿಗೆ ಕೊಯ್ದದ್ದು.

ಅವನು ಆ ತುಣುಕುಗಳನ್ನು ಎಷ್ಟು ಹೊತ್ತು ನೋಡಿದನೋ ಏನೋ. ಖಾಲಿ ಕುಣಿಕೆಯನ್ನು ಯಾರಾದರೂ ಯಾಕೆ ಕೊಯ್ಯುತ್ತಾರೆ? ಬೇಡವಾದರೆ ಸಡಿಲಿಸಿ ತೆಗೆದರಾಯಿತು. ಕೊಯ್ದಿದ್ದಾರೆಂದರೆ ಅದರೊಳಗೆ ಕೈ ಇತ್ತು. ಸಡಿಲಿಸಲು ಬಾರದಷ್ಟು ಉಬ್ಬಿದ ಕೈ. ಕೋಲು ತೇಲಿಕೊಂಡು ಬರಲಿಲ್ಲ, ತುಕಾರಾಮನ ಜೊತೆಗೇ ಬಂತು. ಭೀಮಸಿ ನಸುಕಿನಲ್ಲಿ ಒಬ್ಬನೇ ಹೆಣ ಕಂಡವನು, ಮೊದಲು ಕುಣಿಕೆ ಕೊಯ್ದು ಕೋಲು ಬಚ್ಚಿಟ್ಟು ಆಮೇಲೆ ಜನರನ್ನು ಕರೆದಿದ್ದಾನೆ. ಮುಂಗೈ ಮೇಲಿನ ಹಗ್ಗದ ಗುರುತು ಕಾಣಬಾರದೆಂದೇ 'ನೀ ನೋಡಬ್ಯಾಡ' ಎಂದದ್ದು. ಕುಣಿಕೆ ಯಾರದೆಂದು ಹತ್ತೂರಿಗೂ ಗೊತ್ತಿತ್ತಲ್ಲ. ದಾವಲಸಾಬನ ಹೆಸರು ಪೊಲೀಸರ ಬಾಯಿಗೆ ಬೀಳಬಾರದೆಂದು ಆ ಪುಣ್ಯಾತ್ಮ ಸಾಯುವ ತನಕ ತುಟಿ ಬಿಚ್ಚಲಿಲ್ಲ. ಒಂದು ಮಾತು ಹೇಳಿದ್ದರೆ ದಾವಲಸಾಬ ಅತ್ತು ಕರೆದು ಸುಮ್ಮನಾಗುತ್ತಿದ್ದ, ನಲವತ್ತು ಜನರ ಕೈಗೆ ಕುಣಿಕೆ ತೊಡಿಸುತ್ತಿರಲಿಲ್ಲ. ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ!

"ಏನಾತು? ಯಾಕ ಹಂಗ ನೋಡಾಕತ್ತಿ?" ಎಂದಳು ತುಳಸವ್ವ.

ಸುಮ್ಮನಿರಬಹುದಿತ್ತು. ಅವಳು ಅವನನ್ನು ಬಿಡುಗಡೆ ಮಾಡಲೆಂದೇ ಬಂದಿದ್ದಳು, ಬಿಡುಗಡೆ ತೆಗೆದುಕೊಂಡು ಮನೆಗೆ ಹೋಗಬಹುದಿತ್ತು.

"ತಂಗೀ, ಕಟ್ಟು ಬಿಚ್ಚಿದ್ರ ಅವ ಉಳೀತಿದ್ದ," ಎಂದ.

"ಏನ ಅಂತಿ?"

"ಕೋಲ ಅವನ ಕೈಯಾಗ ಇತ್ತು. ಈ ಕುಣಿಕಿ ನಾನ ತೊಡಿಸಿದ್ದೆ, ಈ ಕೈಲೆ. ಮೀನ ಎಳೀತೋ, ಗಾಳ ಮರದ ಬೊಡ್ಡಿಗೆ ಸಿಕ್ಕಿತೋ, ನೀರಾಗ ಬಿದ್ದಾನ. ಕೋಲ ಮುರೀಲಿಲ್ಲ. ಕುಣಿಕಿ ಎಳದಷ್ಟ ಬಿಗೀತಾ ಹೋಗೈತಿ."

ತುಳಸವ್ವ ಕೊಯ್ದ ಹಗ್ಗವನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ತಿಳಿಯಲು ಅವಳಿಗೂ ಬಹಳ ಹೊತ್ತು ಬೇಕಾಗಲಿಲ್ಲ.

"ಒಂದ ಕೈ ಸಾಕಾಗಿತ್ತಲ್ಲೋ ಅವರಿಗೆ," ಎಂದಳು ಸಣ್ಣ ದನಿಯಲ್ಲಿ. "ಒಂದ ಕೈಲೆ ತುಂಬಿದ ಹೊಳಿ ದಾಟ್ತಿದ್ರು. ಕೋಲ ಬಿಟ್ಟಿದ್ರ ಬರ್ತಿದ್ರು."

"ಬಿಡಾಕ ಬರ್ತಿರಲಿಲ್ಲ ತಂಗೀ."

ಅವಳು ಎದೆ ಬಡಿದುಕೊಂಡಳು. "ನಿನ್ನ ಪರವಾಗಿ ಊರ ಕೂಡ ಜಗಳ ಮಾಡೀನಲ್ಲೋ ನಾ! ಐದ ವರ್ಷ!" ಎಂದು ಕಿರುಚಿದಳು. ದಾವಲಸಾಬ ತಲೆ ತಗ್ಗಿಸಿದ. ಹೊಡೆದರೆ ಹೊಡೆಸಿಕೊಳ್ಳುತ್ತಿದ್ದ. ತಲೆ ತಗ್ಗಿಸಿದವನಿಗೆ ಥಟ್ಟನೆ ಎಡಗಡೆಯ ಆ ಕೈ ನೆನಪಾಯಿತು. ಮುಂಗೈ ಮೇಲೆ ಮಾಡಿ ಹಿಡಿದ ಕೈ. ಅಂಗೈಯನ್ನಲ್ಲ, ಮುಂಗೈಯನ್ನು. ಬೇಡುವವನು ಹಾಗೆ ಹಿಡಿಯುತ್ತಾನೆಯೇ? ಕೋಲು ಕೊಡು ಎಂದು ಅವನು ಕೇಳಿರಲೇ ಇಲ್ಲ. ಇದನ್ನು ಕೊಯ್ಯಿ ಎಂದು ಐದು ವರ್ಷದಿಂದ ಕೇಳುತ್ತಿದ್ದ, ಚಾಕು ಕೈಯಲ್ಲೇ ಇದ್ದ ಗೆಳೆಯನನ್ನು.

ದಾವಲಸಾಬ ಎಡಕ್ಕೆ ತಿರುಗಿದ. ಕಲ್ಲು ಖಾಲಿಯಾಗಿತ್ತು. ಕಟ್ಟುವ ಕೆಲಸ ಇನ್ನೂ ಮುಗಿದಿರಲಿಲ್ಲ, ಆದರೂ ಎದ್ದು ಹೋಗಿದ್ದ. ಹಿಂದೆಂದೂ ಹೀಗಾಗಿರಲಿಲ್ಲ. ಎಲ್ಲಿಗೆ ಹೋದ? ದಂಡೆಯುದ್ದಕ್ಕೂ ಹುಡುಕಿದ. ಮಡುವಿನ ಅಂಚಿನಲ್ಲಿ ಉತ್ತಮ ಕೂತಿದ್ದ, ಬಿಸಿಲಿಗೆ ಟವೆಲ್ ತಲೆಯ ಮೇಲೆ ಹಾಕಿಕೊಂಡು, ತೂಕಡಿಸುತ್ತ. ಅವನ ಪಕ್ಕಕ್ಕೆ, ಭುಜಕ್ಕೆ ಭುಜ ತಾಗಿಸಿ, ಒದ್ದೆ ಧೋತರದ ಒಬ್ಬ ಕೂತಿದ್ದ. ಅಳಿಯನ ಮುಂಗೈಯ ಪಕ್ಕದಲ್ಲಿ ತನ್ನ ಮುಂಗೈ ಹಿಡಿದಿದ್ದ.

ತುಳಸವ್ವನೂ ಆ ಕಡೆ ನೋಡಿದಳು. ಅವಳಿಗೆ ಏನು ಕಂಡಿತೋ ಬಿಟ್ಟಿತೋ, ಅಳಿಯನ ಕೈಯ ಹಗ್ಗವಂತೂ ಕಂಡಿತು.

"ಅಳಿಯಾರ ಕೈಗೂ ಕಟ್ಟೀಯೇನು?"

ದಾವಲಸಾಬ ಓಡಿದ. ಐವತ್ತು ದಾಟಿದ ಮೊಣಕಾಲು, ಕೆಸರು, ಕಲ್ಲು. ಒಂದು ಸಲ ಬಿದ್ದು ಎದ್ದ. ಉತ್ತಮ ಕಣ್ಣು ಬಿಡುವಷ್ಟರಲ್ಲಿ ಚಾಕು ಹಿಡಿದ ಮುದುಕ ಅವನ ಕೈ ಹಿಡಿದಾಗಿತ್ತು.

"ಏ ಕಾಕಾ! ಏನ ಮಾಡಾಕತ್ತೀರಿ? ತಲಿ ಕೆಟ್ಟೈತೇನು?"

ಹಗ್ಗ ದಪ್ಪವಿತ್ತು. ಸುತ್ತು ಹೆಚ್ಚಿತ್ತು. ಮುಂಜಾನೆ ತಾನೇ ಪ್ರೀತಿಯಿಂದ ಹಾಕಿದ ಹೆಚ್ಚಿನ ಸುತ್ತು. ಎರಡು ಮೂರು ಸಲ ಗರಗಸದ ಹಾಗೆ ಎಳೆದ ಮೇಲೆ ಹರಿಯಿತು. ಉತ್ತಮನ ಚರ್ಮ ಗೀರಿ ಸಣ್ಣಗೆ ರಕ್ತ ಬಂತು. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಈಗರ ಕಟ್ಟಿಸ್ಕೊಂಡೀನಿ! ಕೋಲ ಹೊಳಿ ಪಾಲಾದ್ರ ಯಾರ ಕೊಡ್ತಾರ?" ಎಂದು ಉತ್ತಮ ರೇಗಿದ.

ಹಿಂದಿನಿಂದ ಏದುಸಿರು ಬಿಡುತ್ತ ತುಳಸವ್ವ ಬಂದಳು. "ಹೋದ್ರ ಹೋಗ್ಲಿ," ಎಂದಳು. "ಕೋಲ ಹೋಗ್ಲಿ ಬಿಡ್ರಿ ಅಳಿಯಾರ. ನೀವು ಇರ್ರಿ." ಎಂದವಳೇ ಸೆರಗಿನಿಂದ ಅವನ ಗಾಯ ಒತ್ತಿ ಹಿಡಿದು ಅಲ್ಲೇ ಕುಸಿದು ಕೂತು ಅತ್ತಳು. ಗಂಡ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಉತ್ತಮ ಏನೂ ತಿಳಿಯದೆ ಅತ್ತೆಯನ್ನೂ ದಾವಲಸಾಬನನ್ನೂ ನೋಡುತ್ತ ನಿಂತ.

ದಾವಲಸಾಬ ನಿಲ್ಲಲಿಲ್ಲ. ಮುರಗೆಪ್ಪನ ಕುಣಿಕೆ ಕೊಯ್ದ. "ನನ್ನ ಗಾಳಕ್ಕ ಮೀನ ಬಿದ್ದೈತಲೇ!" ಎಂದು ಅವನು ಬೊಬ್ಬೆ ಹಾಕಿದರೂ ಬಿಡಲಿಲ್ಲ. ಅವನಾಚೆಯ ಇಬ್ಬರು ತಾವೇ ಕೈ ಬಿಡಿಸಿಕೊಂಡು ದೂರ ಸರಿದು ನಿಂತರು, ಚಾಕು ಹಿಡಿದವನ ಮುಖ ಹಾಗಿತ್ತು. ಅವರ ಕೋಲುಗಳನ್ನು ಎತ್ತಿ, ಹಗ್ಗವನ್ನಷ್ಟೇ ಕೊಯ್ದು ಹೊಳೆಗೆ ಎಸೆದ. ದಂಡೆಯ ಮೇಲೆ ಇನ್ನು ಕುಣಿಕೆ ಉಳಿಯಲಿಲ್ಲ. ಆಗ ಅವನು ಕೆಸರಿನಲ್ಲೇ ಕೂತ.

ಬಹಳ ಹೊತ್ತಿನ ಮೇಲೆ ತುಳಸವ್ವ ಎದ್ದು ಬಂದು ಅವನ ಎದುರಿಗೆ ನಿಂತಳು. ಕಣ್ಣು ಬಾತಿದ್ದವು. ಅಣ್ಣಾ ಎನ್ನಲಿಲ್ಲ.

"ಇನ್ನ ಎಷ್ಟ ಅದಾವು?"

"ನಲವತ್ತರ ಹತ್ತರ," ಎಂದ. "ಕಾಗವಾಡ, ಅಥಣಿ, ರಾಯಬಾಗ. ಎಲ್ಲಾರ ಹೆಸರ ನನಗ ನೆನಪೈತಿ. ನಾಳಿಂದ ಒಂದೊಂದ ಊರಿಗೆ ಹೋಗ್ತೀನಿ."

"ನೀ ಹೋಗಿ ಏನ ಹೇಳ್ತಿ? ಐದ ವರ್ಷ ಬೈದ ಬೈದ ಕಟ್ಟೀದಿ. ಈಗ ಕೊಯ್ತೀನಿ ಅಂದ್ರ ಹುಚ್ಚ ಹಿಡದೈತಿ ಅಂತಾರ, ಬಾಗಲದಾಗ ನಿಂದರಸ್ತಾರ."

ಅವಳು ಹೇಳಿದ್ದು ಸರಿಯಾಗಿತ್ತು.

ತುಳಸವ್ವ ಸೆರಗು ಕೊಡವಿ ತಲೆಯ ಮೇಲೆ ಎಳೆದುಕೊಂಡಳು. "ಮುಂಜಾನಿ ಮೊದಲ ಬಸ್ಸಿಗೆ ಕಾಗವಾಡಕ್ಕ ಹೋಗೂಣು. ನೀ ಚಾಕು ತಗೊಂಡ ಬಾ. ನನ್ನ ಗಂಡ ಹೆಂಗ ಸತ್ತಾ ಅನ್ನೂದನ್ನ ನಾ ಹೇಳ್ತೀನಿ."